ಕಾಣದ ಎರಡನೇ ಗೆರೆ

"ನನ್ನ ಭಾಷಣದ ವರದಿ ನೀನು ಬರೀತೀಯಾ?"

ಸ್ವಯಂಸೇವಕರ ಮೇಜಿನ ಮುಂದೆ ನಿಂತ ಡಾಕ್ಟರನ ಮುಖ ಬಿಳಿಚಿಕೊಂಡಿತು. ಎರಡು ವರ್ಷಗಳ ನಂತರ, ಮೇಜಿನ ಹಿಂದೆ ಕುಳಿತಿದ್ದ ಅವಳೊಂದಿಗೆ ಅವನು ಆಡಿದ ಮೊದಲ ಮಾತು ಇದು.

"ಯಾಕೆ, ಬೇರೆ ಯಾರಾದ್ರೂ ಬರೀಲಿ ಅಂತಿದ್ರಾ?"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಭಾಂಗಣದಿಂದ ಕರೆ ಬಂತು, ಹೊರಟುಹೋದ. ಹೊರಟುಹೋಗುವುದರಲ್ಲಿ ಮಾತ್ರ ಈ ಮನುಷ್ಯನದು ಎತ್ತಿದ ಕೈ.

ಮಲೇರಿಯಾ ಸಮ್ಮೇಳನದ ಭಾಷಣಗಳನ್ನು ವರದಿ ಮಾಡಲು ಸ್ವಯಂಸೇವಕರು ಬೇಕೆಂದಾಗ ಅವಳೇ ಮುಂದೆ ಬಂದಿದ್ದಳು. ಅವನ ಭಾಷಣವನ್ನೇ ಕೇಳಿ ಪಡೆದಿದ್ದಳು. ವಿಷಯ, 'ಪರೀಕ್ಷೆಗೆ ಸಿಗದ ಮಲೇರಿಯಾ'.

ಅಂದರೆ ನನ್ನ ತಮ್ಮನ ಸಾವು...

ಪರೀಕ್ಷೆ ಮಾಡಿದವಳದೇ ತಪ್ಪು ಅಂತ ನಾಲ್ಕು ಜನರ ಮುಂದೆ ಹೇಳ್ತಾನಾ? ಹೇಳಲಿ. ನನ್ನ ಕಿವಿಯಿಂದಲೇ ಕೇಳಿಬಿಡ್ತೀನಿ.

ಆಗ ಇಬ್ಬರೂ ಒಂದೇ ಚಿಕ್ಕ ಆಸ್ಪತ್ರೆಯಲ್ಲಿದ್ದರು. ಅವನು ಡಾಕ್ಟರು, ಅವಳು ಲ್ಯಾಬಿನವಳು. ಇಬ್ಬರ ಮದುವೆಯೂ ನಿಶ್ಚಯವಾಗಿತ್ತು. ಜ್ವರದಿಂದ ನಡುಗುತ್ತಿದ್ದ ತಮ್ಮನ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಅವಳೇ ಮಲೇರಿಯಾ ಪರೀಕ್ಷೆಯ ಕಿಟ್‌ಗೆ ಹಾಕಿದ್ದಳು. ಎರಡು ಗೆರೆ ಮೂಡಿದರೆ ಮಲೇರಿಯಾ. ಮೂಡಿದ್ದು ಒಂದೇ.

"ಸರಿಯಾಗಿ ನೋಡಿದ್ಯಾ?" ಎಂದು ಅವನು ಕೇಳಿದ್ದ.

"ನನ್ನ ತಮ್ಮನ ರಕ್ತ ನಾನು ಸರಿಯಾಗಿ ನೋಡಲ್ವಾ?"

ಅವನು ಜ್ವರದ ಮಾತ್ರೆ ಕೊಟ್ಟು ಮನೆಗೆ ಕಳಿಸಿದ. ವಾರ ತುಂಬುವುದರೊಳಗೆ ತಮ್ಮ ದೊಡ್ಡಾಸ್ಪತ್ರೆಯಲ್ಲಿ ಕಣ್ಣುಮುಚ್ಚಿದ. ಸೂಕ್ಷ್ಮದರ್ಶಕದಲ್ಲಿ ನೋಡಿ, ರಕ್ತದ ತುಂಬಾ ಮಲೇರಿಯಾ ಎಂದರು ಅಲ್ಲಿನವರು. ಅಮ್ಮ ಅಂದಿನಿಂದ ಮಗಳ ಮುಖ ನೋಡಲಿಲ್ಲ. ಅವನೋ, ಒಂದು ಮಾತೂ ಹೇಳದೆ ಊರು ಬಿಟ್ಟ. ಅವಳು ಮತ್ತೆ ಕಿಟ್ ಮುಟ್ಟಲಿಲ್ಲ.

ಸಭಾಂಗಣ ಅರ್ಧ ಖಾಲಿಯಿತ್ತು. ಊಟದ ಮಂಪರಿನಲ್ಲಿ ಮುಂದಿನ ಸಾಲಿನವರೊಬ್ಬರು ತೂಕಡಿಸುತ್ತಿದ್ದರು. ಅವನು ವೇದಿಕೆ ಹತ್ತಿದ. ಪರದೆಯ ಮೇಲೆ ಒಂದು ಕಿಟ್‌ನ ಚಿತ್ರ. ಒಂದೇ ಗೆರೆ. ಅಂಚಿನಲ್ಲಿ ಅವಳದೇ ಕೈಬರಹ!

ತಮ್ಮನದೇ ಕಿಟ್.

"ನಮ್ಮ ಮೊದಲ ರೋಗಿ ಇವನು," ಎಂದ ಅವನು. "ಕಿಟ್ ಹುಡುಕುವುದು ರೋಗಾಣುವಿನ ಒಂದು ಪ್ರೋಟೀನನ್ನು. ಇವನ ರಕ್ತದಲ್ಲಿದ್ದ ರೋಗಾಣುವಿನಲ್ಲಿ ಆ ಪ್ರೋಟೀನೇ ಇರಲಿಲ್ಲ. ಯಾರು ಪರೀಕ್ಷೆ ಮಾಡಿದ್ದರೂ ಎರಡನೇ ಗೆರೆ ಮೂಡುತ್ತಿರಲಿಲ್ಲ. ಪರೀಕ್ಷೆ ಮಾಡಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ."

ಆಮೇಲೆ ಅದೇ ರೀತಿ ಸತ್ತವರ ಲೆಕ್ಕ ಹೇಳಿದ. ಅವಳಿಗೆ ಒಂದೂ ಕೇಳಿಸಲಿಲ್ಲ. ಬರೆಯಲು ಹೊರಟವಳು ಪರದೆಯ ಮೂಲೆಯನ್ನು ಆಗಲೇ ನೋಡಿದ್ದು. ಅಡ್ಡಗೀಟು ಹಾಕಿದ ಕ್ಯಾಮೆರಾ ಗುರುತು. ಇನ್ನೂ ಪ್ರಕಟವಾಗದ ಸಂಗತಿಗಳಿಗೆ ಸಂಶೋಧಕರು ಹಾಕುವ ಗುರುತು ಅದು. ಅದಿದ್ದರೆ ವರದಿ ಮಾಡುವಂತಿಲ್ಲ.

ಎರಡು ವರ್ಷ ಕಾದ ಮಾತು ಸಿಕ್ಕಿತು, ಅದೂ ಬರೆಯುವ ಹಾಗಿಲ್ಲ...

ಭಾಷಣ ಮುಗಿದ ಮೇಲೆ, ಹೊರಗೆ ಗೋಡೆಗೊರಗಿ ನಿಂತವಳ ಬಳಿ ಅವನು ಬಂದ.

"ಇದನ್ನ ಆಗ್ಲೇ ಹೇಳ್ಬಹುದಿತ್ತಲ್ಲ?"

"ಆಗ ಬರೀ ಅನುಮಾನ ಇತ್ತು. ಕಿಟ್ ಜೊತೆ ಅವನ ರಕ್ತದ ಸ್ಯಾಂಪಲ್ಲೂ ತಗೊಂಡು ಹೋಗಿದ್ದೆ. ಬಾಯಿಮಾತಲ್ಲಿ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದಾನೆ ಅಂದ್ಕೋತಿದ್ದೆ ನೀನು."

"ಅಂದ್ಕೋತಿದ್ದೆ. ಆದ್ರೂ ಹೇಳ್ಬೇಕಿತ್ತು. ತಮ್ಮನ್ನ ನಾನೇ ಕೊಂದೆ ಅಂತ ನೀವೂ ಅಂದ್ಕೊಂಡು ಹೋದ್ರಿ ಅಂತಾನೇ ಇಷ್ಟು ದಿನ ಬದುಕಿದೀನಿ."

ಅವನ ಕಣ್ಣು ತುಂಬಿ ಬಂತು. "ಮನೆಗೆ ಕಳಿಸಿದವನು ನಾನು. ನಿನ್ನ ಮುಖ ಹೇಗೆ ನೋಡ್ಲಿ ಅಂತ ಓಡಿಹೋದೆ. ತಪ್ಪಾಯ್ತು."

ಅವಳು ಅತ್ತಳು. ತಮ್ಮನನ್ನು ಮಣ್ಣು ಮಾಡಿದ ದಿನವೂ ಬಾರದಿದ್ದ ಅಳು ಅದು.

"ಅಮ್ಮ ಇವತ್ತಿಗೂ ನನ್ನ ಕೈಯಿಂದ ನೀರೂ ತಗೊಳ್ಳಲ್ಲ. ವರದಿ ತೋರಿಸೋಣ ಅಂದ್ರೆ ನೀವು ಆ ಗುರುತು ಹಾಕಿದೀರಿ."

"ಅದು ವರದಿಗೆ. ಮನೇಲಿ ಹೇಳ್ಬಾರ್ದು ಅಂತ ಅಲ್ಲ. ನಡಿ, ಅಮ್ಮಂಗೆ ನಾನೇ ಹೇಳ್ತೀನಿ."

"ಬಾಗಿಲು ತೆಗೀದಿದ್ರೆ?"

"ತೆಗೆಯೋವರೆಗೂ ನಿಂತಿರ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಈ ಸಲ ಹೇಳ್ದೆ ಹೋಗಲ್ಲ ತಾನೆ?"

"ಹೇಳಿಯೂ ಹೋಗಲ್ಲ."