ಕರೆದರೂ ಬಾರದ ರಕ್ತದಾನಿ

ಎರಡು ಕೈ ನನ್ನ ಕುತ್ತಿಗೆಯ ಮೇಲಿದ್ದವು. ಬೆನ್ನ ಹಿಂದೆ ಈರುಳ್ಳಿ ಮೂಟೆ!

"ಯಾವನಯ್ಯಾ ನೀನು? ನಮ್ ಹುಡುಗನ ಹಿಂದೆ ಯಾಕ್ ಬಿದ್ದಿದೀಯಾ?"

ಕೈಗಳು ಕಲಾಸಿಪಾಳ್ಯದ ಮಂಡಿ ಯಜಮಾನರು ದೊಡ್ಡಬೈರಪ್ಪನವರವು. ಹುಡುಗ ಎಂದರೆ ಅವರ ತಂಗಿಯ ಮಗ ಸ್ವರೂಪ್. ಹೆಸರುಗಳನ್ನು ಬದಲಾಯಿಸಿದ್ದೇನೆ ಸ್ವಾಮಿ, ಹುಡುಕಲು ಹೋಗಬೇಡಿ.

ನಾನು ಹನುಮಂತಯ್ಯ. ಚಾಮರಾಜಪೇಟೆಯ ಒಂದು ಬ್ಲಡ್ ಬ್ಯಾಂಕಿನಲ್ಲಿ ಕೌನ್ಸೆಲರ್. ರಕ್ತದಾನ ಕ್ಯಾಂಪಿನಲ್ಲಿ ಬಂದ ರಕ್ತವನ್ನೆಲ್ಲ ನಾವು ಟೆಸ್ಟ್ ಮಾಡುತ್ತೇವೆ. ಸ್ವರೂಪ ಅಲ್ಲಿ ಕೊಟ್ಟಿದ್ದ ರಕ್ತದಲ್ಲಿ ಹೆಪಟೈಟಿಸ್ ಬಿ ಸುಳಿವು ಸಿಕ್ಕಿತ್ತು. ಆ ಚೀಲವನ್ನು ನಾಶ ಮಾಡಿದೆವು. ಆದರೆ ಮನುಷ್ಯ? ಅವನನ್ನು ಕರೆಸಿ, ಕೂರಿಸಿ, ಮೆಲ್ಲಗೆ ಹೇಳಬೇಕು. ಇನ್ನೊಮ್ಮೆ ಪರೀಕ್ಷಿಸಬೇಕು.

ಫೋನಿನಲ್ಲಿ ಕಾರಣ ಹೇಳುವಂತಿಲ್ಲ. "ಬ್ಲಡ್ ಬ್ಯಾಂಕಿಗೆ ಒಂದ್ಸಲ ಬಂದ್ಹೋಗಿ" ಎಂದೆ, ಅಷ್ಟೇ. ಅವನು ಸಿಮ್ಮನ್ನೇ ಬದಲಿಸಿದ! ಹುಡುಕುತ್ತಾ ಹೋದರೆ ಅವನಿಗೆ ಮದುವೆ ಗೊತ್ತಾಗಿದೆ ಎಂದು ತಿಳಿಯಿತು. ಇನ್ನು ಸುಮ್ಮನಿರುವುದು ಹೇಗೆ? ಮಂಡಿಯ ಸುತ್ತ ಸುಳಿದಾಡಿದೆ... ಸಿಕ್ಕಿಬಿದ್ದೆ.

"ಬಾಯ್ಬಿಡು! ಹೆಣ್ಣಿನ ಕಡೆಯೋರು ಬಿಟ್ಟಿರೋ ಡಿಟೆಕ್ಟಿವ್ ತಾನೇ?"

ಈಗಿನ ಮದುವೆಗಳಲ್ಲಿ ಅದೂ ಒಂದು ಶಾಸ್ತ್ರ. ಜಾತಕದ ಬೆನ್ನಿಗೇ ಗೂಢಚಾರ! ಬ್ಲಡ್ ಬ್ಯಾಂಕ್ ಎಂದು ಬಾಯಿಬಿಟ್ಟರೆ ಹುಡುಗನ ಗುಟ್ಟು ಬೀದಿಗೆ ಬೀಳುತ್ತದೆ. ಆಂಜನೇಯನನ್ನು ನೆನೆದು ಸುಳ್ಳು ಹೇಳಿದೆ.

"ಹೌದು ಸಾರ್."

ಕೆನ್ನೆಗೆ ರಪ್ಪನೆ ಬಿತ್ತು!

ಗಲಾಟೆ ಕೇಳಿ ಟೆಂಪೊದಿಂದ ಒಬ್ಬ ಹುಡುಗ ಇಳಿದು ಬಂದ.

"ಯಾರ್ ಮಾವಾ ಇದು?"

"ಸ್ವರೂಪ್... ಫೋನ್ ಮಾಡಿದ್ನಲ್ಲಪ್ಪಾ" ಎಂದೆ.

ನನ್ನ ಧ್ವನಿಯ ಗುರುತು ಹತ್ತಿತು. ಓಡಿದ!

ಯಜಮಾನರು ಬೆಪ್ಪಾಗಿ ಕೈ ಸಡಿಲಿಸಿದರು. ನಾನೂ ಓಡಿದೆ. ಕೋಸಿನ ರಾಶಿ ಹಾರಿ, ಕೈಗಾಡಿ ತಪ್ಪಿಸಿ... ಬಸ್ ಸ್ಟ್ಯಾಂಡಿನ ಬಾಯಲ್ಲಿ ರಿವರ್ಸ್ ಬರುತ್ತಿದ್ದ ಬಸ್ಸು ಅವನನ್ನು ತಡೆಯಿತು. ಕಾಲರ್ ಹಿಡಿದೆ.

"ಏಡ್ಸಾ ಸಾರ್?" ಅವನು ಸುತ್ತ ನೋಡಿ ಪಿಸುಗುಟ್ಟಿದ.

"ಅಲ್ಲ ಕಣಪ್ಪಾ. ಲಿವರ್‌ಗೆ ಬರೋ ವೈರಸ್ಸು. ಅದೂ ಇನ್ನೂ ಅನುಮಾನ. ಇವತ್ತೇ ಬಂದು ಇನ್ನೊಂದು ಸ್ಯಾಂಪಲ್ ಕೊಡು. ಇದ್ರೂ ಔಷಧಿ ಇದೆ. ಮದ್ವೆ ಆಗೋ ಹುಡುಗಿಗೆ ಲಸಿಕೆ ಇದೆ. ಆದ್ರೆ ಅವ್ಳಿಗೆ ನೀನೇ ಹೇಳ್ಬೇಕು."

"ಮಾವಂಗೆ ಹೇಳ್ಬಿಡ್ತೀರಾ?"

"ಹೇಳೋನಾಗಿದ್ರೆ ಏಟು ಯಾಕ್ ತಿಂತಿದ್ದೆ?"

ಊದಿದ ನನ್ನ ಕೆನ್ನೆಯನ್ನು ನೋಡಿದ. ಆಗಲೂ ಪೂರ್ತಿ ನಂಬಲಿಲ್ಲ. ಆದರೆ ಆಟೊ ಕೂಗಿದ.

ಅಷ್ಟರಲ್ಲಿ ದೊಡ್ಡಬೈರಪ್ಪನವರು ಏದುಸಿರು ಬಿಡುತ್ತಾ ಬಂದರು.

"ಯಾಕ್ಲಾ ಓಡ್ದೆ? ಇವ್ನ ಜೊತೆ ಎಲ್ಲಿಗೆ?"

"ಲೇಟಾಗಿತ್ತು ಮಾವಾ... ರಕ್ತ ಕೊಡೋಕೆ."

ಅಪ್ಪಟ ಸತ್ಯ!

ಯಜಮಾನರ ಎದೆ ಉಬ್ಬಿತು. ನನ್ನತ್ತ ತಿರುಗಿದರು.

"ನೋಡ್ದೇನಯ್ಯಾ? ಮದ್ವೆ ಗಂಡು, ಆದ್ರೂ ರಕ್ತದಾನ! ಹೋಗಿ ಹೆಣ್ಣಿನೋರಿಗೆ ಎಲ್ಲಾ ಹೇಳು!"

"ಹೇಳಿಸ್ತೀನಿ ಸಾರ್."

ನಡುವೆ ಒಂದು ‘ಸ’ ಜಾಸ್ತಿ ಸೇರಿದ್ದು ಅವರಿಗೆ ಕೇಳಿಸಲಿಲ್ಲ. ಸ್ವರೂಪನಿಗೆ ಕೇಳಿಸಿತು!