ಅಳೆಯದೆ ನಂಬಿದ ರಸ್ತೆ

ಸಂಘಮಿತ್ರಾ ತನ್ನ ಬಾಟಲಿಯಲ್ಲಿದ್ದ ನೀರನ್ನೆಲ್ಲ ನೆಲಕ್ಕೆ ಸುರಿದಾಗ ವಿನೀತನಿಗೆ ಸಿಕ್ಕಾಪಟ್ಟೆ ಬಾಯಾರಿತ್ತು.

ಬೇಲೂರು ಕೈಗಾರಿಕಾ ಪ್ರದೇಶದ ಆಚೆಗಿನ ಎರೆಹೊಲ ಅದು. ಅದನ್ನು ನಿವೇಶನಗಳಾಗಿ ವಿಂಗಡಿಸುವ ನಕ್ಷೆ ವಿನೀತನದು. ಕಂಪನಿ ಬಿಟ್ಟು ಸ್ವಂತ ಆಫೀಸು ತೆರೆದ ಮೇಲೆ ಅವನು ಮಾಡಿದ ಮೊದಲ ಲೇಔಟ್. ಅದು ಸರಿಯಿದೆಯೇ ಎಂದು ನೋಡಿ ಒಪ್ಪಿಗೆಗೆ ಶಿಫಾರಸು ಮಾಡಬೇಕಾದವಳು ನಗರಾಭಿವೃದ್ಧಿ ಪ್ರಾಧಿಕಾರದ ಸಹಾಯಕ ನಗರ ಯೋಜಕಿ ಸಂಘಮಿತ್ರಾ. ಅಂದು ಸ್ಥಳ ಪರಿಶೀಲನೆ.

ಗಟ್ಟಿಯಾದ ಬಂಡಿದಾರಿಯ ಮೇಲೆ ಬಿದ್ದ ನೀರು ಒಂದು ಕ್ಷಣ ಯೋಚಿಸಿ, ಮೂಲೆಯ ಹಳ್ಳದ ಕಡೆಗೆ ಹರಿಯಿತು. ನಕ್ಷೆಯಲ್ಲಿ ಆ ಮೂಲೆಗೆ ಹಸಿರು ಬಣ್ಣ ತುಂಬಿ 'ಉದ್ಯಾನ' ಎಂದು ಬರೆದಿತ್ತು.

"ಮಳಿಗಾಲದಾಗ ನಿಮ್ಮ ಪಾರ್ಕಿಗೆ ಈಜು ಬರೋ ಹುಡುಗರಷ್ಟ ಬರಬೇಕೇನ್ರಿ?"

ಮಾರಾಟವಾಗದ ಮೂಲೆಯನ್ನು ಉದ್ಯಾನಕ್ಕೆ ಬಿಡುವುದು ಎಲ್ಲರ ರೂಢಿ, ವಿನೀತನೂ ಬಿಟ್ಟಿದ್ದ. ಒಂದು ಗುಟುಕಾದರೂ ಉಳಿಸಬಹುದಿತ್ತಲ್ಲ ಎಂದಷ್ಟೇ ಗೊಣಗಿದ. ತನಗೂ ನೀರಡಿಸಿದೆ ಎಂದು ಅವಳು ನಕ್ಕುಬಿಟ್ಟಳು. ಹೊಲದ ನಡುವಿನ ಬೇವಿನ ಮರದ ನೆರಳಿಗೆ ಇಬ್ಬರೂ ನಡೆದರು. ಅವಳ ದುಪಟ್ಟಾದ ಅಂಚಿಗೆ ಉತ್ತರಾಣಿಯ ಮುಳ್ಳು ಸಾಲಾಗಿ ಅಂಟಿಕೊಂಡಿತ್ತು. ಹೇಳಿದರೆ ಕಿತ್ತು ಹಾಕುತ್ತಾಳೆ, ಹೊರಟೂ ಬಿಡುತ್ತಾಳೆ ಎಂದು ವಿನೀತ ಸುಮ್ಮನಿದ್ದ.

ಉದ್ಯಾನವನ್ನು ಆ ಬೇವಿನ ಮರದ ಸುತ್ತ ತರಲು ಎರಡು ಒಳ್ಳೆಯ ನಿವೇಶನಗಳನ್ನು ಬಿಡಬೇಕಿತ್ತು. ಹೊಲದ ಮಾಲೀಕ ಗುಲಾಬಸಾಬರು ದುರ್ಗದಬೈಲಿನ ಬಟ್ಟೆ ವ್ಯಾಪಾರಿ. ವಿನೀತ ತಿದ್ದಿ ತಂದ ಹೊಸ ನಕ್ಷೆಯನ್ನು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

"ಖರೇ ಹೇಳು ತಮ್ಮಾ. ಪಾರ್ಕ್ ಸರಿಸಿದ್ದು ಹುಡುಗರ ಸಲುವಾಗೋ, ಆ ಆಫೀಸ್ ಬಾಯಾರ ಸಲುವಾಗೋ?"

"ಎರಡೂ ರೀ ಕಾಕಾ."

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ತಾಯಿ ಶರೀಫಾಬಿ ಬುತ್ತಿ ಬಿಚ್ಚುತ್ತಿದ್ದುದು ಅದೇ ಮರದ ಕೆಳಗೆ ಎಂದರು. ಅವರ ಒಪ್ಪಿಗೆ ಅಷ್ಟರಲ್ಲೇ ಬಂದಿತ್ತು.

ಆಮೇಲೆ ವಿನೀತ ಪ್ರಾಧಿಕಾರದ ಕಚೇರಿಗೆ ಹೋಗಿದ್ದೇ ಹೋಗಿದ್ದು. ನಕ್ಷೆಯಲ್ಲಿ ಬರೆದ ಅಂಕಿಗಳನ್ನು ಸಂಘಮಿತ್ರಾ ಸುಮ್ಮನೆ ನಂಬುವವಳಲ್ಲ. ಡ್ರಾಯರಿನಿಂದ ಸ್ಕೇಲ್ ತೆಗೆದು ಪ್ರತಿಯೊಂದು ರಸ್ತೆಯ ಮೇಲೂ ತಾನೇ ಇಟ್ಟು ನೋಡುವಳು. ಬಾಗಿದಾಗ ಒಂದು ಕೂದಲೆಳೆ ಕಾಗದದ ಮೇಲೆ ಜಾರುತ್ತಿತ್ತು, ಮಂಜೂರಾತಿಯಿಲ್ಲದ ರಸ್ತೆಯ ಹಾಗೆ. ವಿನೀತ ಆ ರಸ್ತೆಯಲ್ಲೇ ಎಷ್ಟೋ ದೂರ ಹೋಗಿಬರುತ್ತಿದ್ದ. ಅವಳು ತಲೆ ಎತ್ತಿದರೆ ಫ್ಯಾನು ನೋಡುತ್ತಿದ್ದ. ಹೊರಗೆ ಚಹಾ ಕುಡಿಯೋಣ ಎಂದು ಒಮ್ಮೆ ಧೈರ್ಯ ಮಾಡಿ ಕರೆದ.

"ಅರ್ಜಿ ತಂದವರ ಚಹಾ ನಾ ಕುಡಿಯಂಗಿಲ್ರಿ."

ಮೆಲ್ಲಗೆ ಹೇಳಿದ್ದಳು. ಅದಕ್ಕೇ ಅವನಿಗೆ ಇನ್ನಷ್ಟು ಇಷ್ಟವಾದಳು. ಲೇಔಟ್ ಮಂಜೂರಾಗುವುದಕ್ಕಿಂತ, ಈ ಹುಡುಗಿ ತನ್ನ ಕೆಲಸವನ್ನು ನಂಬಬೇಕು ಎಂಬುದೇ ಅವನಿಗೆ ದೊಡ್ಡದಾಗಿಬಿಟ್ಟಿತು.

ಒಂದು ಸೋಮವಾರ ಅವನು ಮತ್ತೆ ಕಚೇರಿಗೆ ಹೋದ. ಅವನ ಫೈಲು ಅವಳ ಮೇಜಿನ ಮೇಲಿರಲಿಲ್ಲ. ಬಾಯಾರೇ ಬರೆದುಕೊಟ್ಟು ಅದನ್ನು ಇನ್ನೊಬ್ಬ ಯೋಜಕ ಫಾರೂಕ ಅವರಿಗೆ ವರ್ಗಾಯಿಸಿದ್ದಾರೆ ಎಂದು ಪಕ್ಕದ ಗುಮಾಸ್ತರು ಹೇಳಿದರು. ಅವಳು ತಲೆ ಎತ್ತಲೂ ಇಲ್ಲ. ಏನು ತಪ್ಪು ಕಂಡಿತು? ಮೋಸವೆಂದುಕೊಂಡಳೇ? ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಹೊರಬರುವವರೆಗೂ ಅವನು ಗೇಟಿನ ಬಳಿ ನಿಂತ.

"ನನ್ನ ಮ್ಯಾಲೆ ನಂಬಿಕಿ ಹೋತೇನ್ರಿ?"

"ಹೋಗಿದ್ರ ಛಲೋ ಇತ್ತು," ಎಂದಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ಶುಕ್ರವಾರ ನೀವು ಕಡೀಗೆ ತಂದ ನಕ್ಷೆಗೆ ಟಿಪ್ಪಣಿ ಬರದು ಸಹಿ ಹಾಕಾಕತ್ತಿದ್ದೆ. ಆಗ ನೆನಪಾತು, ಒಂದು ರಸ್ತೇನೂ ಅಳದಿಲ್ಲ. ಸ್ಕೇಲ್ ತೆಗದೇ ಇಲ್ಲ. ವಿನೀತ ಅವರು ಬರದಾರ, ಸರಿ ಇರ್ತೈತಿ ಅಂತ ಕೈ ತಾನಾಗೇ ಮುಂದ ಹೋಗಿತ್ರಿ."

"ತಪ್ಪಿತ್ತೇನ್ರಿ ಅಳತಿ?"

"ಆಮ್ಯಾಲೆ ಅಳದು ನೋಡಿದೆ. ಎಲ್ಲಾ ಬರೋಬರಿ ಇತ್ತು. ನಾನ ಬರೋಬರಿ ಇರಲಿಲ್ಲ."

ರಸ್ತೆಯ ಮೇಲೆ ಚಿಗರಿ ಬಸ್ಸು ಹಾದುಹೋಯಿತು. ವಿನೀತನಿಗೆ ಅದರ ಸದ್ದು ಕೇಳಲಿಲ್ಲ.

"ಈ ಅರ್ಜಿದಾರರ ಫೈಲ್ ನಾ ನೋಡಬಾರದು ಅಂತ ಸಾಹೇಬರಿಗೆ ಹೇಳಿದೆ. ಸಂಬಂಧಿಕರೇನು ಅಂತ ಕೇಳಿದ್ರು."

"ಏನಂದ್ರಿ?"

"ಸದ್ಯಕ್ಕ ಅಲ್ರಿ, ಅಂದೆ."

ಹೇಳಿ ಮುಗಿಸಿದ ಮೇಲೆ ಅವಳ ಕಿವಿಯ ತುದಿ ಕೆಂಪಾಯಿತು. ಫಾರೂಕ ಅವರು ಹೊಸ ಕಣ್ಣಿನಿಂದ ಮೊದಲಿನಿಂದ ನೋಡುತ್ತಾರೆ, ತಡವಾಗುತ್ತದೆ, ಬೆಳಿಗ್ಗೆಯೇ ಒಂದು ಆಕ್ಷೇಪಣೆ ಬರೆದಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು, ಆಡಿದ ಮಾತನ್ನು ಅದರ ಕೆಳಗೆ ಮುಚ್ಚಿಡುವವಳಂತೆ. ಆಕ್ಷೇಪಣೆ ಬಂದರೆ ಬರಲಿ ಎಂದ ವಿನೀತ. ಬಾಯಿ ಒಣಗಿತ್ತು, ಅವತ್ತು ಹೊಲದಲ್ಲಿ ಒಣಗಿದ್ದ ಹಾಗೆಯೇ, ಆದರೂ ಮುಂದುವರಿಸಿದ.

"ನಮ್ಮ ಮನ್ಯಾಗೂ ಆಕ್ಷೇಪಣಿ ಬರಬಹುದ್ರಿ. ನಮ್ಮ ತಾರಾಬಾಯಿ ಅತ್ತಿ ಭಾಳ ಪ್ರಶ್ನಿ ಕೇಳ್ತಾಳ."

"ನಮ್ಮಪ್ಪಾರು ಕಡಿಮಿ ಕೇಳ್ತಾರೇನ್ರಿ? ಇಬ್ಬರೂ ಕೂತು ಉತ್ತರ ಬರಿಯೂಣು."

ಅಷ್ಟು ಹೇಳಿ ಅವಳು ಗೇಟು ದಾಟಿದಳು. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ಇನ್ನೂ ಅಲ್ಲೇ ನಿಂತಿದ್ದವನ ಕಡೆ ನೋಡಿದಳು.

"ಚಹಾ ಹೇಳ್ತೀರೋ, ಅದಕ್ಕೂ ನಾನ ಶಿಫಾರಸು ಬರೀಬೇಕೋ?"