ಚೀಟಿಯಲ್ಲಿದ್ದ ಪಾರ್ಟು

"ಆ ಜನ ಎಲ್ಲಾ ಸುಳ್ಳುಬುರುಕರು! ಅವರ ಮನೇಲಿ ಒಂದು ಲೋಟ ನೀರೂ ಕುಡೀಬಾರ್ದು!"

ಶಾಲೆಯ ಮೆಟ್ಟಿಲ ಗೋಡೆಗೆ ಬಡಿದು ಮಾತು ಗುಂಯ್ ಎಂದಿತು. ಹೀಗೆ ಕೂಗಿದವಳು ಕ್ಲಾಸಿನಲ್ಲಿ ಹಾಜರಿಯನ್ನೂ ಪಿಸುಗುಡುವ ಹುಡುಗಿ. ಅದಕ್ಕೇ ಎಲ್ಲರೂ ಮೆಲ್ಲಿ ಎನ್ನುತ್ತಿದ್ದರು. ತನಗೂ ಇಷ್ಟು ದೊಡ್ಡ ದನಿ ಇದೆಯೇ ಎಂದು ಅವಳು ಹಿಗ್ಗಿಹೋದಳು.

ಆಗ ಕೆಳಗಿನ ಮೆಟ್ಟಿಲ ಮೇಲೆ ಯಾರೋ ನಿಂತಿದ್ದು ಕಂಡಿತು. ಗುಂಗುರು ಕೂದಲು. ಅವಳ ಜೀವದ ಗೆಳತಿ ಗುಂಗುರಿ!

"ನಮ್ಮ ಮನೆಯವರ ಬಗ್ಗೇನಾ?" ಗುಂಗುರಿ ಕೇಳಿದಳು.

"ಅದು... ಅಲ್ಲ... ಅದು..." ಮೆಲ್ಲಿಯ ದನಿ ಮತ್ತೆ ಎಲ್ಲೋ ಅಡಗಿತು. ಅಷ್ಟರಲ್ಲಿ ಗುಂಗುರಿ ಇಳಿದು ಹೋಗಿಯಾಗಿತ್ತು.

ಮೆಲ್ಲಿ ಕೂಗಿದ್ದು ಶನಿವಾರದ ನಾಟಕಕ್ಕೆ ಅಭ್ಯಾಸ ಮಾಡುತ್ತಿದ್ದ ಮಾತು. ಲೈಬ್ರರಿಯ ಮಹಡಿಯಲ್ಲಿ ಪ್ರತಿ ಶನಿವಾರ ಮೆಲ್ಲಿ, ಗುಂಗುರಿಯರಂತೆ ಬೇರೆ ಬೇರೆ ದೇವರನ್ನು ನಂಬುವ ಮನೆಗಳ ಮಕ್ಕಳು ಸೇರುತ್ತಿದ್ದರು. ಯಾರಾದರೂ ಒಂದು ಧರ್ಮದವರನ್ನು ಹೀಯಾಳಿಸಿದರೆ ಏನು ಮಾಡಬೇಕೆಂದು ಆಡಿ ಆಡಿ ಕಲಿಯುತ್ತಿದ್ದರು. ಈ ಸಲ ಲೈಬ್ರರಿ ಅಕ್ಕ ಚೀಟಿ ಎತ್ತಿಸಿದ್ದರು. "ನಿಮ್ಮ ಪಾರ್ಟು ಯಾರಿಗೂ ಹೇಳ್ಬೇಡಿ. ಗೊತ್ತಿದ್ರೆ ಉತ್ತರ ರೆಡಿ ಮಾಡ್ಕೊಂಡು ಬರ್ತೀರ!" ಎಂದಿದ್ದರು.

ಮೆಲ್ಲಿಯ ಚೀಟಿಯಲ್ಲಿ 'ಹೀಯಾಳಿಸುವವಳು' ಎಂದಿತ್ತು.

ಮರುದಿನ ಶಾಲೆಯ ಬಸ್ಸಿನಲ್ಲಿ ಗುಂಗುರಿ ಮುಂದಿನ ಸೀಟಿಗೆ ಹೋಗಿ ಕೂತಳು. "ನಾಳೆ ನಾನು ಗುಂಪಿಗೆ ಬರಲ್ಲ," ಎಂದಳು, ಕಿಟಕಿಗೆ ಹೇಳುವವಳ ಹಾಗೆ. ಮೆಲ್ಲಿ ಜೇಬಿನಲ್ಲಿದ್ದ ಚೀಟಿಯನ್ನು ಹಿಡಿದುಕೊಂಡಳು. ಕೈ ಮಾತ್ರ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ಕೆಮ್ಮತೊಡಗಿದಳು. ಗುಂಗುರಿ ತನ್ನ ಬಾಟಲಿ ಚಾಚಿದಳು.

"ಏಯ್ ಪುಟ್ಟಿ, ಕುಡೀಬೇಡ!" ಹಿಂದಿನ ಸೀಟಿನಿಂದ ಉದ್ದಣ್ಣ ಕೂಗಿದ. ಹತ್ತನೇ ಕ್ಲಾಸಿನ ಉದ್ದನೆಯ ಹುಡುಗ. "ಆ ಜನರ ಮನೆ ನೀರು ಅದು!"

ಕೆಲವರು ಕಿಸಕ್ಕೆಂದರು. ಪುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಗುಂಗುರಿ ತಲೆ ತಗ್ಗಿಸಿದಳು.

ಈ ಮಾತು ಮೆಲ್ಲಿಗೆ ಬಾಯಿಪಾಠ. ಯಾವ ಪ್ರಶ್ನೆ ಕೇಳಿದರೆ ಇದನ್ನು ಆಡುವವರು ತಡವರಿಸುತ್ತಾರೆ ಎಂಬುದೂ ಗೊತ್ತಿತ್ತು. ನಿನ್ನೆ ಮೆಟ್ಟಿಲ ಮೇಲೆ ಅಭ್ಯಾಸದ ನಡುವೆ ಆ ಪ್ರಶ್ನೆಯನ್ನು ತನಗೇ ಹಾಕಿಕೊಂಡು ಅವಳೂ ತಡವರಿಸಿದ್ದಳಲ್ಲ!

ಎದ್ದು ನಿಂತಳು. "ಅಣ್ಣಾ! ನೀನು ಅವರ ಮನೆಗೆ ಹೋಗಿದ್ದೀಯಾ?"

ಮೆಟ್ಟಿಲ ಮೇಲಿನ ಅದೇ ದೊಡ್ಡ ದನಿ! ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ನಾನ್ಯಾಕೆ ಹೋಗ್ಲಿ? ಎಲ್ರೂ ಹೇಳ್ತಾರೆ."

"ಎಲ್ರೂ ಅಂದ್ರೆ ಯಾರು? ಒಬ್ಬರ ಹೆಸರು ಹೇಳು."

ಉದ್ದಣ್ಣ ಕಿವಿ ಕೆರೆದುಕೊಂಡ. "ಅದು... ಸುಮ್ನೆ... ಹಾಗೇ..."

"ನಾನು ಹೋಗಿದ್ದೀನಿ. ಲೆಕ್ಕ ಇಲ್ಲದಷ್ಟು ಸಲ. ನೀರು ಕುಡಿದಿದ್ದೀನಿ, ಕೆಸರು ಶೂ ಹಾಕ್ಕೊಂಡು ನುಗ್ಗಿ ಇವಳಮ್ಮನ ಕೈಲಿ ಬೈಸ್ಕೊಂಡೂ ಇದ್ದೀನಿ. ಥೇಟ್ ನಮ್ಮಮ್ಮನ ಥರಾನೇ ಬೈತಾರೆ!"

ಬಸ್ಸು ಗೊಳ್ಳೆಂದಿತು. ಮೆಲ್ಲಿ ಬಾಟಲಿ ತೆಗೆದುಕೊಂಡು ಗಟಗಟ ಕುಡಿದಳು.

"ನಂಗೂ ಬಿಡಕ್ಕಾ!" ಎಂದಳು ಪುಟ್ಟಿ. ಅವಳು ಕುಡಿದ ಮೇಲೆ ಬಾಟಲಿ ಸೀಟಿನಿಂದ ಸೀಟಿಗೆ ಹೋಯಿತು. ಚಪ್ಪಾಳೆಯೋ ಚಪ್ಪಾಳೆ!

"ಭಲೇ ಮೆಲ್ಲಿ!" ಡ್ರೈವರ್ ಮಾಮ ನಕ್ಕರು. "ಇನ್ಮೇಲೆ ನಂಗೆ ಹಾರನ್ನೇ ಬೇಡ!"

ಮೆಲ್ಲಿ ಗುಂಗುರಿಯ ಪಕ್ಕ ಕೂತು ಚೀಟಿ ಕೊಟ್ಟಳು. ಗುಂಗುರಿ ಎರಡು ಸಲ ಓದಿದಳು.

"ಅಯ್ಯೋ ಪೆದ್ದಿ! ನಿನ್ನೆನೇ ಹೇಳೋದಲ್ವಾ?"

"ನೀನು ನಿಂತ್ರೆ ತಾನೇ!"

ಗುಂಗುರಿ ಬ್ಯಾಗಿನಿಂದ ತನ್ನ ಚೀಟಿ ತೆಗೆದಳು. 'ಸುಮ್ಮನೆ ಕೂತು ನೋಡುವವಳು' ಎಂದಿತ್ತು. "ಸುಮ್ನೆ ಕೂರೋದು ಹೇಗೆ ಅಂತ ನಿನ್ನನ್ನ ನೋಡಿ ಕಲಿಯೋಣ ಅಂದ್ಕೊಂಡಿದ್ದೆ. ಇನ್ನು ಆಗಲ್ಲ ಬಿಡು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುತ್ತಲೇ ಮೆಲ್ಲಿ ಹಿಂದೆ ನೋಡಿದಳು. ಉದ್ದಣ್ಣ ಒಬ್ಬನೇ ಕೂತಿದ್ದ. ಕಿವಿಗಳು ಕೆಂಪಾಗಿದ್ದವು. ನಿನ್ನೆ ಮೆಟ್ಟಿಲ ಮೇಲೆ ಅವಳ ಕಿವಿಗಳೂ ಹೀಗೇ ಬಿಸಿಯೇರಿದ್ದವು.

ಬಾಟಲಿಯಲ್ಲಿ ಒಂದು ಗುಟುಕು ಉಳಿದಿತ್ತು. ಅವಳು ಅದನ್ನು ಹಿಡಿದು ಹಿಂದಿನ ಸೀಟಿನ ಕಡೆ ನಡೆದಳು.